ಆರು ಮಳೆಗಾಲ ಕಂಡ ನಮ್ಮ ಮಳೆ ಮಾಪಕ

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಆರು ಎಕರೆ, ಮರಗಳ ಮೇಲೆ ಕರಿಮೆಣಸು, ಕೆಳಗಿನ ತಗ್ಗಿನಲ್ಲಿ ಒಂದಿಷ್ಟು ಅಡಿಕೆ. ಮಲೆನಾಡಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವುದು ಹಳೇ ರೂಢಿ. ಮಳೆಗಾಲದಲ್ಲಿ ನೆಂಟರು ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವ ಮೊದಲೇ "ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟು?" ಅಂತ ಕೇಳುತ್ತಾರೆ. ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಭಾಗ. ನಮ್ಮ ಮಾವನವರು 1981ರಿಂದ ಒಂದು ದಿನವೂ ಬಿಡದೆ ಬರೆದವರು. ಅವರ ತಗಡಿನ ಮಾಪಕ 2019ರ ಆಗಸ್ಟಿನಲ್ಲಿ ಹೋಯಿತು. ಆ ವಾರ ನಮ್ಮ ತಾಲ್ಲೂಕಿನ ಎಷ್ಟೋ ಕಡೆ ಗುಡ್ಡ ಜಾರಿತು. ನಮ್ಮ ಮನೆ ಹಿಂದಿನ ಧರೆಯೂ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯೂ, ಕುಸಿಯಿತು. ಮಾಪಕ ಮಣ್ಣಿನಡಿ ಸೇರಿತು. ಪುಸ್ತಕಗಳು ಒಳಗಿದ್ದವು, ಉಳಿದವು.

2020ರ ಫೆಬ್ರವರಿಯಲ್ಲಿ ನಾನು ಹೊಸದು ತರಿಸಿದೆ. ಎಫ್‌ಆರ್‌ಪಿಯದು, ಅಂದರೆ ಗಾಜಿನ ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್. ₹2,800 ಕೊಟ್ಟೆ. ಆರು ಮಳೆಗಾಲ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಇದರಲ್ಲಿ ಇರುವುದು ನಾಲ್ಕೇ ಸಾಮಾನು. ಮೇಲೆ ಹಿತ್ತಾಳೆ ಅಂಚಿನ ಆಲಿಕೆ, ಕೆಳಗೆ ನೆಲದಲ್ಲಿ ಹುಗಿಯುವ ಬುಡ, ಒಳಗೆ ನೀರು ಕೂಡುವ ಬಾಟಲಿ, ಜೊತೆಗೆ ಅಳೆಯುವ ಜಾರ್. ಬ್ಯಾಟರಿ ಇಲ್ಲ, ಕೆಡುವಂಥದ್ದೇನೂ ಇಲ್ಲ. ಬೆಳಗ್ಗೆ ಎಂಟೂವರೆಗೆ ಬಾಟಲಿ ತೆಗೆದು ಜಾರ್‌ಗೆ ಸುರಿಯಬೇಕು, ಓದಬೇಕು, ಬರೆಯಬೇಕು. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಎಂಟೂವರೆಗೇ. ಹಾಗಾಗಿ ನಮ್ಮ ಲೆಕ್ಕವನ್ನು ಅವರ ಲೆಕ್ಕದ ಪಕ್ಕ ಇಟ್ಟು ನೋಡಬಹುದು.

ಒಂದು ಎಡವಟ್ಟು ಹೇಳಲೇಬೇಕು, ಏಕೆಂದರೆ ನಿಮಗೂ ಆಗಬಹುದು. ಈ ಮಾಪಕಗಳಲ್ಲಿ ಎರಡು ಅಳತೆ ಇವೆ: ಬಾಯಿ 100 ಚದರ ಸೆಂ.ಮೀ. ಇರುವುದು, 200 ಇರುವುದು. ಎರಡಕ್ಕೂ ಬೇರೆ ಬೇರೆ ಜಾರ್. ಮಾರಿದವರು ನನಗೆ 200ರ ಮಾಪಕ ಕಳಿಸಿ 100ರ ಜಾರ್ ಹಾಕಿದ್ದರು. ಜೂನ್ ಮೊದಲ ವಾರ ಒಂದು ಬೆಳಗ್ಗೆ ನಮ್ಮಲ್ಲಿ 74 ಮಿ.ಮೀ. ತೋರಿಸಿತು. ಪಕ್ಕದ ತೋಟದವರು ಒಂದೂವರೆ ಇಂಚು ಅಂದರು, ಅಂದರೆ 38 ಮಿ.ಮೀ. ಬೇಲಿಯ ಆಚೆ ಅರ್ಧ ಮಳೆ ಹೇಗೆ? ಮಗಳು ಸ್ಕೇಲ್ ಹಿಡಿದು ಆಲಿಕೆಯ ಬಾಯಿ ಅಳೆದಳು. 16 ಸೆಂ.ಮೀ. ಅಗಲ ಬಂತು. ಲೆಕ್ಕ ಹಾಕಿದರೆ ಸುಮಾರು 200 ಚದರ ಸೆಂ.ಮೀ. ಅಂದರೆ ಒಂದು ಮಿ.ಮೀ. ಮಳೆಗೆ 20 ಮಿ.ಲೀ. ನೀರು ಬರಬೇಕು. ದನಕ್ಕೆ ಔಷಧಿ ಕೊಡುವ ಸಿರಿಂಜಿನಲ್ಲಿ 20 ಮಿ.ಲೀ. ಅಳೆದು ಜಾರ್‌ಗೆ ಬಿಟ್ಟೆವು. ಜಾರ್ ಎರಡು ಮಿ.ಮೀ. ಅಂತು. ಫೋನ್ ಮಾಡಿದ ಮೇಲೆ ಸರಿಯಾದ ಜಾರ್ ಬಂತು, ಮೂರು ವಾರ ತಡವಾಗಿ. ತರಿಸಿದ ದಿನವೇ ಈ ಪರೀಕ್ಷೆ ಮಾಡಿಬಿಡಿ.

ಬಾಟಲಿ ಎಷ್ಟು ಲೀಟರಿನದು ಅನ್ನುವುದನ್ನೂ ನೋಡಿ. 200ರ ಬಾಯಿಗೆ ನಾಲ್ಕು ಲೀಟರ್ ಬಾಟಲಿ ಕೊಟ್ಟರೆ 200 ಮಿ.ಮೀ.ಗೆ ತುಂಬಿ ಹೋಗುತ್ತದೆ. ಬಯಲುಸೀಮೆಗೆ ಅದು ಧಾರಾಳ. ನಮ್ಮ ಕಡೆ ಆಶ್ಲೇಷ ಮಳೆಯ ಒಂದೇ ರಾತ್ರಿಗೆ ಸಾಲದೇ ಹೋಗಬಹುದು. ಹತ್ತು ಲೀಟರಿನದನ್ನೇ ಕೇಳಿ ತಗೊಳ್ಳಿ, 500 ಮಿ.ಮೀ. ತನಕ ಹಿಡಿಯುತ್ತದೆ.

ಇಡುವ ಜಾಗವೇ ತೋಟದವರಿಗೆ ಕಷ್ಟ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಬೇಕು. ಸಿಲ್ವರ್ ಮರಗಳ ನಡುವೆ ಅಂಥ ಜಾಗ ಎಲ್ಲಿದೆ? ನಾವು ಕಾಫಿ ಒಣಗಿಸುವ ಕಣದ ತುದಿಯಲ್ಲಿ ಹುಗಿದೆವು, ಬಾಯಿ ನೆಲದಿಂದ ಒಂದು ಅಡಿ ಮೇಲೆ. ವಾರಕ್ಕೊಮ್ಮೆ ಎಲೆ, ಜೇಡರ ಬಲೆ ತೆಗೆಯಬೇಕು. ಹಳೆಯದು ಇದ್ದದ್ದು ಧರೆಯ ಕೆಳಗೆ, ಹೊಸದು ಬಯಲಿನಲ್ಲಿ. ಜಾಗ ಬದಲಾದ ದಿನವನ್ನು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಇಲ್ಲದಿದ್ದರೆ ಮುಂದೆ ಓದುವವರು ಜಾಗದ ವ್ಯತ್ಯಾಸವನ್ನೇ ಮಳೆಯ ವ್ಯತ್ಯಾಸ ಅಂದುಕೊಳ್ಳುತ್ತಾರೆ.

ಮೊಬೈಲಿಗೆ ಅಂಕಿ ಕಳಿಸುವ ಡಿಜಿಟಲ್ ಮಾಪಕವನ್ನೂ ತಮ್ಮನ ಮನೆಯಲ್ಲಿ ನೋಡಿದ್ದೇನೆ. ಒಳಗೆ ಪುಟ್ಟ ತೊಟ್ಟಿಯೊಂದು ತುಂಬಿದಾಗಲೆಲ್ಲ ಮಗುಚುತ್ತದೆ, ಅದನ್ನು ಎಣಿಸುತ್ತದೆ. ಸಣ್ಣಗೆ ಹಿಡಿದ ಮಳೆಗೆ ಚೆನ್ನಾಗಿದೆ. ಧೋ ಅಂತ ಸುರಿದಾಗ ಮಗುಚುವಷ್ಟರಲ್ಲೇ ನೀರು ತಪ್ಪಿಹೋಗಿ ಕಡಿಮೆ ತೋರಿಸುತ್ತದೆ. ನಮಗೆ ಸರಿಯಾದ ಲೆಕ್ಕ ಬೇಕಾಗಿರುವುದೇ ಅಂಥ ಮಳೆಗೆ, ಅಲ್ವಾ?

ಇನ್ನು ಈ ಮಾಪಕದಿಂದ ನನಗೆ ಏನು ಸಿಕ್ಕಿತು ಅನ್ನುವುದು. ಟಿವಿಯಲ್ಲಿ ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂದರೆ ಮೊದಲು ಸುಮ್ನೆ ಬಣ್ಣ ಅಷ್ಟೇ. ಈಗ ಗೊತ್ತು: ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. 100 ಮಿ.ಮೀ. ಅಂದರೆ ಒಂದು ಎಕರೆಯ ಮೇಲೆ ನಾಲ್ಕು ಲಕ್ಷ ಲೀಟರ್ ನೀರು. ಹತ್ತು ಸಾವಿರ ಲೀಟರಿನ ನಲವತ್ತು ಟ್ಯಾಂಕರ್. ನಮ್ಮ ಧರೆ ಏಕೆ ನಿಲ್ಲಲಿಲ್ಲ ಅಂತ ಆ ಲೆಕ್ಕ ಹಾಕಿದ ದಿನ ಅರ್ಥವಾಯಿತು.

ಕಳೆದ ಬೇಸಿಗೆಯಲ್ಲಿ ನಾನೂ ಮಗಳೂ ಮಾವನವರ ಪುಸ್ತಕಗಳನ್ನು ಹರಡಿಕೊಂಡು ಕೂತೆವು. ಐದು ಇಂಚು ದಾಟಿದ ದಿನವನ್ನು ಅವರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಮೊದಲ ಪುಸ್ತಕಗಳಲ್ಲಿ ಕೆಂಪು ಅಪರೂಪ. ಜೂನ್ ಪುಟಗಳ ತುಂಬ ನೀಲಿ, ದಿನಾ ಒಂದಿಷ್ಟು. ಈಚಿನ ಪುಸ್ತಕಗಳಲ್ಲಿ ಜೂನ್ ಪುಟಗಳಲ್ಲಿ ಖಾಲಿ ಗೆರೆಗಳು ಜಾಸ್ತಿ, ಜುಲೈ ಆಗಸ್ಟಿನಲ್ಲಿ ಕೆಂಪು ಜಾಸ್ತಿ. ವರ್ಷದ ಒಟ್ಟು ಮಳೆ ಮಾತ್ರ ಅಷ್ಟೇನೂ ಬದಲಾಗಿಲ್ಲ. "ಮೊದಲಿನಷ್ಟು ಮಳೆ ಈಗ ಎಲ್ಲಿದೆ" ಅಂತ ನಾವೆಲ್ಲ ಹೇಳುತ್ತಿದ್ದೆವು. ನೆನಪು ಪೂರ್ತಿ ಸರಿ ಇರಲಿಲ್ಲ. ಮಳೆ ಕಡಿಮೆಯಾಗಿಲ್ಲ, ಬರುವ ರೀತಿ ಬದಲಾಗಿದೆ.

ಒಂದು ತೋಟದ ಪುಸ್ತಕದಿಂದ ದೇಶದ ಕಥೆ ಹೇಳಲಾಗದು. ಅದಕ್ಕೆ ಸಾವಿರಾರು ಮಾಪಕ ಬೇಕು. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಜೊತೆಯವರು 1950ರಿಂದ 2015ರವರೆಗಿನ ಲೆಕ್ಕ ನೋಡಿ, ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶಕ್ಕೆ ಒಟ್ಟಿಗೆ ಸುರಿಯುವ ವಿಪರೀತ ಮಳೆ ಮೂರು ಪಟ್ಟಾಗಿದೆ ಅಂತ 2017ರಲ್ಲಿ ಹೇಳಿದರು. ಕಾರಣ ಕಷ್ಟದ್ದಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಸುರಿಯುವಾಗ ಅಷ್ಟೂ ಒಟ್ಟಿಗೇ ಸುರಿಸಬಹುದು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ನಮ್ಮ ಮಳೆ ಬರುವುದು ಆ ಕಡೆಯಿಂದಲೇ.

ಪಕ್ಕದ ತೋಟದ ಅಣ್ಣ 2024ರ ಜುಲೈಯಲ್ಲಿ ಕೇಳಿದ್ದರು, "ಹೋದ ವರ್ಷ ಬರ ಅಂದ್ರಿ, ಈ ವರ್ಷ ನೋಡಿ ಹೆಂಗೆ ಹೊಡೀತಿದೆ. ಎಲ್ಲಿಯ ಹವಾಮಾನ ಬದಲಾವಣೆ ಅಕ್ಕಾ?" ಒಳ್ಳೇ ಪ್ರಶ್ನೆ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಗಿತ್ತು. ಮರುವರ್ಷ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಒಂದು ವರ್ಷ ಹಿಡಿದುಕೊಂಡು ಹವಾಮಾನ ಹೇಳಲಾಗದು, ಅದಕ್ಕೇ ಹವಾಮಾನ ವಿಜ್ಞಾನಿಗಳು ಕಡಿಮೆ ಅಂದರೂ ಮೂವತ್ತು ವರ್ಷದ ಸರಾಸರಿ ಇಟ್ಟುಕೊಳ್ಳುತ್ತಾರೆ. ನಾನು ಅಣ್ಣನಿಗೆ ವಾದ ಹೇಳಲಿಲ್ಲ, ಮಾವನವರ ಪುಸ್ತಕ ಕೊಟ್ಟೆ. ಎರಡು ದಿನ ಇಟ್ಟುಕೊಂಡು ಓದಿದರು.

ಸರ್ಕಾರದ ವ್ಯವಸ್ಥೆಯೂ ನಮ್ಮಲ್ಲಿ ಚೆನ್ನಾಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ಗ್ರಾಮ ಪಂಚಾಯ್ತಿಗೊಂದು ಮಾಪಕ ಇದೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತದೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮುನ್ಸೂಚನೆ ಹೇಳುತ್ತಾರೆ. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಯೂ ಪಂಚಾಯ್ತಿ ಮಾಪಕದ ಮೇಲೇ ನಿಂತಿದೆ. ಅಲ್ಲಿ ನನ್ನ ಪುಸ್ತಕ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಗುಡ್ಡದ ಈ ಮಗ್ಗುಲಲ್ಲಿ ಸುರಿದದ್ದು ಆ ಮಗ್ಗುಲಲ್ಲಿ ಸುರಿದಿರುವುದಿಲ್ಲ. ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್‌ನವರು ಊರೂರಿಗೆ ಮಾಪಕ ಇಟ್ಟು ಅಳೆಯುತ್ತಾರೆ. 2024ರ ಜುಲೈ 30ರ ಭೂಕುಸಿತ ದುರಂತಕ್ಕೆ ಮುಂಚಿನ ಎರಡು ದಿನದಲ್ಲಿ ಹತ್ತಿರದ ಪುತ್ತುಮಲೆಯಲ್ಲಿ 572 ಮಿ.ಮೀ. ಆಗಿದ್ದನ್ನು ಅವರು ಅಳೆದಿದ್ದರು, ಹಿಂದಿನ ದಿನವೇ ಎಚ್ಚರಿಸಿದ್ದರು. ನಮ್ಮ ಗುಡ್ಡಗಳಿಗೂ ಅಂಥ ಲೆಕ್ಕ ಬೇಕು ಅಂತ ನನಗೆ ತುಂಬ ಅನ್ನಿಸುತ್ತದೆ.

ತರಿಸುವುದಾದರೆ ಫೆಬ್ರವರಿ ಒಳಗೇ ತರಿಸಿ. ಕಾಫಿ ಹೂ ಅರಳಿಸುವ ಹೂಮಳೆಯಿಂದಲೇ ಬರೆಯಲು ಶುರು ಮಾಡಬಹುದು. ಒಂದಿಂಚು ಬಿತ್ತೋ ಅರ್ಧ ಇಂಚೋ ಅನ್ನುವುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವುದು ನಿಂತಿರುತ್ತದಲ್ಲ. ಜಾರ್ ಮಾತ್ರ ಎರಡು ತಗೊಳ್ಳಿ. ನಮ್ಮದು ಕಣದ ಸಿಮೆಂಟಿನ ಮೇಲೆ ಬಿದ್ದು ಒಮ್ಮೆ ಒಡೆಯಿತು, ಹೊಸದು ಬರುವ ತನಕ ಸಿರಿಂಜಿನಲ್ಲೇ ಅಳೆದೆ.