ಎಲ್‌ಜಿ ಜಿಪಿ65ಎನ್‌ಬಿ60: ಕೆಲವು ಡಿಸ್ಕ್‌ಗಳಿಗೆ ಮಾತ್ರ ಮುನಿಯುವ ಡಿವಿಡಿ ರೈಟರ್

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಬರುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ಮದುವೆಯ ಡಿವಿಡಿ, ಯಕ್ಷಗಾನದ ವಿಸಿಡಿ, ಭಾವಗೀತೆಗಳ ಎಂಪಿ3 ಸಿಡಿ ಮಾತ್ರ ಕಪಾಟಿನಲ್ಲಿ ಹಾಗೇ ಕುಳಿತಿವೆ. ಅವನ್ನು ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಳ್ಳಲು ಹೊರಗಿನಿಂದ ಜೋಡಿಸುವ ಈ ತೆಳು ರೈಟರ್ ಒಳ್ಳೆಯ ಆಯ್ಕೆ. ಡಿವಿಡಿಗೆ 8ಎಕ್ಸ್, ಸಿಡಿಗೆ 24ಎಕ್ಸ್ ವೇಗ, ಯುಎಸ್‌ಬಿ 2.0 ಕೇಬಲ್ ಒಂದೇ ಸಾಕು, ಬೇರೆ ಅಡಾಪ್ಟರ್ ಬೇಡ. ಬಹುಕಾಲ ಬಾಳುವಂತೆ ಮಾಡಿದ ಎಂ-ಡಿಸ್ಕ್ ಕೂಡ ಬರೆಯುತ್ತದೆ. ಬ್ಲೂ-ರೇ ಓದುವುದಿಲ್ಲ.

ಯಾವ ಕಂಪನಿಯದಾದರೂ ಇಂಥ ಡ್ರೈವ್‌ಗಳ ಬಗ್ಗೆ ಬರುವ ದೂರು ಒಂದೇ: ‘ಆ ಡಿಸ್ಕ್ ಓಡುತ್ತೆ, ಈ ಡಿಸ್ಕ್ ಓಡಲ್ಲ’. ವಾಪಸ್ ಕಳಿಸುವ ಮೊದಲು, ಓಡದೇ ಇರುವುದು ಯಾವ ಬಗೆಯ ಡಿಸ್ಕ್ ಎಂದು ನೋಡಿ. ತೊಂದರೆ ಡ್ರೈವಿನದೋ ಡಿಸ್ಕಿನದೋ ಎಂಬುದು ಅಲ್ಲೇ ಬಯಲಾಗುತ್ತದೆ.

ಮೊದಲು ಕರೆಂಟಿನ ಮಾತು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡುತ್ತದೆ, 3.0 ಪೋರ್ಟ್ 900. ಡಿಸ್ಕ್ ವೇಗ ಹಿಡಿಯುವಾಗ, ಲೇಸರ್ ಬರೆಯಲು ತೊಡಗಿದಾಗ ತೆಳು ಡ್ರೈವ್‌ಗಳಿಗೆ 500 ಸಾಲದೇ ಹೋಗಬಹುದು. ಆಗ ಸಿಡಿಯನ್ನು ಸಲೀಸಾಗಿ ಓದಿದ ಡ್ರೈವ್ ಡಿವಿಡಿ ಬರೆಯುವಾಗ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಕೇಬಲ್ ಕಿತ್ತಾಗ ಬರುವ ಸದ್ದು ಬಂದು ವಿಂಡೋಸ್‌ನಿಂದ ಮಾಯವಾಗುತ್ತದೆ. ಹಬ್, ಎಕ್ಸ್‌ಟೆನ್ಷನ್ ಕೇಬಲ್ ಎರಡನ್ನೂ ತೆಗೆದು ನೇರವಾಗಿ ಜೋಡಿಸಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂಬದಿಯದನ್ನು ಬಳಸಿ. ಡಿಸ್ಕನ್ನು ಟ್ರೇಯ ನಡುವೆ ಹೆಬ್ಬೆರಳಿಂದ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಸರಿಯಾಗಿ ಕೂರದ ಡಿಸ್ಕ್ ಅಲ್ಲಾಡುತ್ತಾ ಸುತ್ತುತ್ತದೆ, ಲೇಸರ್‌ಗೆ ಜಾಡು ಸಿಗುವುದಿಲ್ಲ.

ಮುಂದಿನದು ಮೂರು ಡಿಸ್ಕ್‌ಗಳ ಪರೀಕ್ಷೆ: ಕಾರ್ಖಾನೆಯಲ್ಲಿ ಅಚ್ಚಾದ ಒಂದು ಆಡಿಯೊ ಸಿಡಿ, ಅಚ್ಚಾದ ಒಂದು ಸಿನಿಮಾ ಡಿವಿಡಿ, ಕಂಪ್ಯೂಟರ್‌ನಲ್ಲಿ ಬರೆದ ಒಂದು ಡಿವಿಡಿ-ಆರ್. ಡ್ರೈವ್‌ನಲ್ಲಿ ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650 ನ್ಯಾನೊಮೀಟರ್ ಲೇಸರ್ ಬೇರೆ ಬೇರೆ ಇರುತ್ತವೆ. ಸಿಡಿಗಳೆಲ್ಲ ಓಡಿ ಡಿವಿಡಿ ಒಂದೂ ಓಡದಿದ್ದರೆ 650ರ ಲೇಸರ್ ಸೋತಿರುವ ಸಾಧ್ಯತೆ ಹೆಚ್ಚು. ಅದು ಮನೆಯಲ್ಲಿ ಆಗುವ ರಿಪೇರಿಯಲ್ಲ, ವಾರಂಟಿ ಇದ್ದರೆ ಬದಲಾಯಿಸಿಕೊಳ್ಳಿ. ಅಚ್ಚಾದವು ಓಡಿ, ಬರೆದ ಡಿಸ್ಕ್‌ಗಳು, ಅದರಲ್ಲೂ ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್‌ಗಳು ಮಾತ್ರ ಸಿಕ್ಕಿಕೊಂಡರೆ ಮೊದಲ ಅನುಮಾನ ಲೆನ್ಸ್ ಮೇಲಿನ ದೂಳಿನ ಮೇಲಿರಲಿ. ಅಚ್ಚಾದ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನ ಶೇ 70ರಷ್ಟನ್ನು ಹಿಂದಿರುಗಿಸಿದರೆ, ಸಿಡಿ-ಆರ್‌ಡಬ್ಲ್ಯೂ ಹಿಂದಿರುಗಿಸುವುದು ಶೇ 15ರಿಂದ 25 ಅಷ್ಟೇ. ಎರಡು ಪದರದ ಡಿವಿಡಿಯೂ ಶೇ 18ರಿಂದ 30ರ ಆಸುಪಾಸಿನಲ್ಲಿದೆ. ಮಸುಕಾದ ಲೆನ್ಸ್‌ಗೆ ಮೊದಲು ಕಾಣದಾಗುವುದು ಇವೇ.

ಟ್ರೇ ಇರುವ ತೆಳು ಡ್ರೈವ್‌ನ ಅನುಕೂಲವೆಂದರೆ ಟ್ರೇ ಎಳೆದರೆ ಲೆನ್ಸ್ ಕಣ್ಣೆದುರೇ ಇರುತ್ತದೆ. ಕೇಬಲ್ ತೆಗೆದು, ಮೊದಲು ಗಾಳಿ ಊದುವ ರಬ್ಬರ್ ಬಲ್ಬ್‌ನಿಂದ ದೂಳು ಹಾರಿಸಿ. ಬಾಯಿಂದ ಊದಬೇಡಿ, ಉಗುಳು ಸಿಡಿಯುತ್ತದೆ. ಸಾಲದಿದ್ದರೆ ಹತ್ತಿಕಡ್ಡಿಗೆ ಒಂದೇ ಹನಿ 99% ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಭಾರ ಬಿಡದೆ ಸವರಿ, ಐದು ನಿಮಿಷ ಒಣಗಲು ಬಿಡಿ. ಲೆನ್ಸ್ ಕೂದಲಿನಷ್ಟು ಸಣ್ಣ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಕೆಟ್ಟಿತು. ಬ್ರಷ್ ಅಂಟಿಸಿದ ಕ್ಲೀನಿಂಗ್ ಡಿಸ್ಕ್‌ಗಳನ್ನು ನಂಬಬೇಡಿ.

ವಿಸಿಡಿಯ ಕತೆಯೇ ಬೇರೆ. ಕನ್ನಡ ಸಿನಿಮಾ, ಯಕ್ಷಗಾನ ಪ್ರಸಂಗಗಳು ಎರಡು-ಮೂರು ವಿಸಿಡಿಗಳ ಸೆಟ್ ಆಗಿ ಮನೆಮನೆಗೆ ಬಂದಿವೆ. ಒಂದು ಡಿಸ್ಕ್‌ನಲ್ಲಿ 74ರಿಂದ 80 ನಿಮಿಷ ಮಾತ್ರ ಹಿಡಿಯುತ್ತಿತ್ತು. ಅವನ್ನು ತೆರೆದರೆ ಎಂಪಿಇಜಿಎವಿ ಎಂಬ ಫೋಲ್ಡರ್, ಅದರೊಳಗೆ ಡ್ಯಾಟ್ ಫೈಲು. ಕಾಪಿ ಮಾಡಲು ಹೋದರೆ ಅರ್ಧದಲ್ಲಿ ಎರರ್. ಎಲ್ಲರೂ ಬೈಯುವುದು ಡ್ರೈವ್‌ಗೆ. ಅಸಲು ಕಾರಣ ವಿಸಿಡಿಯ ರಚನೆಯಲ್ಲಿದೆ. ಸಿಡಿಯ ಮಾಹಿತಿಯನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಾಗಿ ಬರೆದಿರುತ್ತಾರೆ. ಸಾಮಾನ್ಯ ಡೇಟಾ ಸಿಡಿಯ ಪ್ರತಿ ಸೆಕ್ಟರ್‌ನಲ್ಲಿ 2048 ಬೈಟ್ ಮಾಹಿತಿ, ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಕೋಡ್ ಇರುತ್ತದೆ. ವಿಸಿಡಿಯಲ್ಲಿ ಆ ಹೆಚ್ಚುವರಿ ಕೋಡ್ ಕೈಬಿಟ್ಟು 2324 ಬೈಟ್ ವಿಡಿಯೊ ತುಂಬಿದ್ದಾರೆ. ಹಾಗಾಗಿ ಡೇಟಾ ಸಿಡಿ ತಡೆದುಕೊಳ್ಳುವ ಗೀರಿಗೆ ವಿಸಿಡಿ ಸೋಲುತ್ತದೆ. ಲಿನಕ್ಸ್‌ನಲ್ಲಂತೂ ಡಿಸ್ಕ್ ಹೊಚ್ಚಹೊಸದಾದರೂ ಡ್ಯಾಟ್ ಫೈಲನ್ನು ಮಾಮೂಲಿಯಾಗಿ ಕಾಪಿ ಮಾಡಲು ಹೋದರೆ ಎರರ್ ಬರುತ್ತದೆ, ವಿಸಿಡಿಎಕ್ಸ್‌ರಿಪ್ ಎಂಬ ಪ್ರೋಗ್ರಾಂ ಬಳಸಬೇಕು. ವಿಂಡೋಸ್‌ನಲ್ಲಿ ಐಸೊಬಸ್ಟರ್ ಎಂಬ ಪ್ರೋಗ್ರಾಂ ತೆರೆದು, ಎಂ2ಎಫ್2 ವಿಡಿಯೊ ಫ್ರೇಮ್‌ಗಳನ್ನಷ್ಟೇ ತೆಗೆಯುವ ಆಯ್ಕೆ ಒತ್ತಿ. ಬರೀ ನೋಡುವುದಾದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಓಪನ್ ಡಿಸ್ಕ್‌ಗೆ ಹೋಗಿ ವಿಸಿಡಿ ಆರಿಸಿದರಾಯಿತು.

ಪ್ರತಿ ಸಲ ಕೊನೆಯ ಹತ್ತು ನಿಮಿಷದಲ್ಲೇ ನಿಂತರೆ ಡಿಸ್ಕ್‌ನ ಹೊರ ಅಂಚು ನೋಡಿ. ಓದು ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಬೆರಳಚ್ಚು ಬೀಳುವುದು ಅಂಚಿನಲ್ಲಿ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿಸಿ ಅಲ್ಲ. ಸಿಡಿಯ ಮಾಹಿತಿ ಪದರ ಚಿತ್ರವಿರುವ ಬದಿಯಲ್ಲೇ ಇರುವುದರಿಂದ ಮೇಲ್ಭಾಗ ಕೆರೆದುಹೋದರೆ ಪಾಲಿಶ್‌ನಿಂದ ಪ್ರಯೋಜನವಿಲ್ಲ.

ಸ್ಟುಡಿಯೊದವರು ಕೊಟ್ಟ ಡಿವಿಡಿ ಅವರ ಕಂಪ್ಯೂಟರ್‌ನಲ್ಲಿ ಓಡಿ ಇಲ್ಲಿ ಖಾಲಿ ಎಂದು ತೋರಿಸಿದರೆ ಅದನ್ನು ಫೈನಲೈಸ್, ಅಂದರೆ ಬೇರೆ ಡ್ರೈವ್‌ಗಳೂ ಓದುವಂತೆ ಬರವಣಿಗೆ ಮುಗಿಸುವ ಕೆಲಸ, ಮಾಡಿರಲಿಕ್ಕಿಲ್ಲ. ಬರೆದವರ ಬಳಿಯೇ ಒಯ್ದು ಮಾಡಿಸಿ. ಅವರು ಸಿಗದಿದ್ದರೆ ಐಸೊಬಸ್ಟರ್ ಅಂಥದ್ದನ್ನೂ ಓದಬಲ್ಲದು. ಮೇಲೆ ಅಂಟಿಸಿದ ಕಾಗದದ ಲೇಬಲ್ ಒಂದು ಕಡೆ ಎದ್ದಿದ್ದರೆ ಡಿಸ್ಕ್ ಹಾಕಲೇಬೇಡಿ, ಒಳಗೆ ಸಿಕ್ಕಿಕೊಳ್ಳುತ್ತದೆ. ಸಿನಿಮಾ ಡಿವಿಡಿಗಳಿಗೆ ಯಾವ ದೇಶಗಳಲ್ಲಿ ಓಡಬೇಕೆಂದು ಹೇಳುವ ರೀಜನ್ ಸಂಖ್ಯೆ ಇರುತ್ತದೆ. ಅಮೆರಿಕದಿಂದ ತಂದದ್ದು ರೀಜನ್ 1, ನಮ್ಮದು 5. ಡ್ರೈವ್‌ನ ರೀಜನ್ ಅನ್ನು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬದಲಿಸಬಹುದು, ಆದರೆ ಐದೇ ಸಲ. ಆಮೇಲೆ ಕೊನೆಯದೇ ಕಾಯಂ.

ನಾಲ್ಕಾರು ಡಿಸ್ಕ್ ಇಳಿಸಿಕೊಳ್ಳುವವರು ಈ ಡ್ರೈವ್ ಧಾರಾಳವಾಗಿ ಕೊಳ್ಳಬಹುದು. ಗೀರು ಬಿದ್ದ ವಿಸಿಡಿಗಳ ದೊಡ್ಡ ರಾಶಿಯೇ ಇದ್ದರೆ ಜೊತೆಗೆ ಬೇರೆ ಕಂಪನಿಯ, ಡೆಸ್ಕ್‌ಟಾಪ್‌ನ ಒಳಗೆ ಕೂರಿಸುವ ದಪ್ಪ ಸಾಟಾ ಡ್ರೈವ್ ಒಂದನ್ನು ಸೆಕೆಂಡ್‌ಹ್ಯಾಂಡ್ ಆದರೂ ಇಟ್ಟುಕೊಳ್ಳಿ. ಒಂದು ಬಿಟ್ಟ ಸೆಕ್ಟರನ್ನು ಇನ್ನೊಂದು ಓದುವುದು ಅಪರೂಪವೇನಲ್ಲ. ನಡುವಿನ ತೂತಿನಿಂದ ಬಿರುಕು ಬಿಟ್ಟ ಡಿಸ್ಕನ್ನು ಮಾತ್ರ ಯಾವ ಡ್ರೈವ್‌ಗೂ ಹಾಕಬೇಡಿ, ವೇಗ ಹಿಡಿದಾಗ ಒಳಗೇ ಚೂರಾಗುತ್ತದೆ.