ಕೈದಿ ಹೊಲಿದ ಕುಶನ್: ಫೈನ್ ಸೆಲ್ ವರ್ಕ್‌ನಿಂದ ಕೊಂಡದ್ದು ಹೇಗಿದೆ?

ಧಾರವಾಡದ ಕಡೆ ಕಸೂತಿ ಸೀರೆ ಕೊಳ್ಳಲು ಕುಳಿತ ಹೆಂಗಸರು ಮೊದಲು ಸೆರಗನ್ನು ತಿರುವಿ ಹಾಕುತ್ತಾರೆ. ಹಿಂಬದಿಯಲ್ಲಿ ಗಂಟು ಕಂಡರೆ ಮುಂದಿನ ಮಾತೆಲ್ಲ ಚೌಕಾಸಿಯೇ. ಲಂಡನ್ನಿಗೆ ಬಂದು ಇಷ್ಟು ವರ್ಷವಾದರೂ ನನ್ನ ಈ ಚಾಳಿ ಬಿಟ್ಟಿಲ್ಲ. ಬ್ರಿಟನ್ನಿನ ಜೈಲುಗಳಲ್ಲಿ ಕೈದಿಗಳಿಗೆ ಹೊಲಿಗೆ ಕಲಿಸಿ, ಅವರು ಹೊಲಿದದ್ದನ್ನು ಮಾರುವ ಫೈನ್ ಸೆಲ್ ವರ್ಕ್ ಎಂಬ ಸೇವಾಸಂಸ್ಥೆಯಿಂದ ತರಿಸಿದ ಕುಶನ್ನಿನ ಎಲೆ, ಹಕ್ಕಿಗಳನ್ನು ಮೆಚ್ಚಿಕೊಳ್ಳುವುದಕ್ಕೆ ಮೊದಲೇ ಜಿಪ್ ಎಳೆದು, ಒಳದಿಂಬನ್ನು ಹೊರಗೆ ತೆಗೆದು, ಕವರನ್ನು ಒಳಮೈ ಹೊರಗಾಗಿ ಮಗುಚಿದೆ. (ಪೊಟ್ಟಣವನ್ನು ಮಳೆಯಲ್ಲಿ ಹೊಸಿಲಾಚೆ ಇಟ್ಟು ಹೋದ ಕೊರಿಯರ್ ಕಂಪನಿಯ ಹೆಸರು ಇಲ್ಲಿ ಬೇಡ.)

ಕ್ಯಾನ್ವಾಸಿನ ಮೇಲೆ ಉಣ್ಣೆ ದಾರದಿಂದ ಹಾಕುವ ಓರೆ ಹೊಲಿಗೆಯನ್ನು ಸಾಲಿನ ಮೇಲೆ ಸಾಲು ಅಡ್ಡಡ್ಡ ಹಾಕುತ್ತ ಹೋಗಬಹುದು. ಅದು ಬೇಗ ಕೈಗೆ ಹತ್ತುತ್ತದೆ. ಆದರೆ ಬಟ್ಟೆ ಒಂದೇ ಕಡೆಗೆ ಎಳೆದುಕೊಂಡು ಚೌಕ ಸೊಟ್ಟಗಾಗುತ್ತದೆ. ಮೂಲೆಯಿಂದ ಮೂಲೆಗೆ ಹತ್ತಿ ಇಳಿಯುತ್ತ ಹಾಕಿದರೆ ಹಿಂಬದಿಯಲ್ಲಿ ಬುಟ್ಟಿಯ ಹೆಣಿಗೆ ಮೂಡುತ್ತದೆ, ಬಟ್ಟೆಯೂ ಹದವಾಗಿ ನಿಲ್ಲುತ್ತದೆ. ನನ್ನ ಕುಶನ್ ಹೊಲಿದವನು ಈ ಎರಡನೆಯ ದಾರಿ ಹಿಡಿದಿದ್ದಾನೆ. ಒಂದು ಮೂಲೆಯಲ್ಲಿ ದಾರವನ್ನು ಬಿಗಿಯಾಗಿ ಎಳೆದಿದ್ದಾನೆ. ಹಕ್ಕಿಯ ರೆಕ್ಕೆಯ ಹೊತ್ತಿಗೆ ಕೈ ಸಡಿಲವಾಗಿದೆ, ಅಲ್ಲಿಂದ ಮುಂದೆ ಒಂದೇ ಸಮ. ಕೆಲಸ ಕಲಿಯುತ್ತ ಹೋದ ಕೈ ಇದು. ‘ಅವನು’ ಎಂದು ಬರೆದದ್ದಕ್ಕೆ ಕಾರಣವಿದೆ: ಈ ಸಂಸ್ಥೆಗೆ ಹೊಲಿಯುವವರಲ್ಲಿ ಬಹುಪಾಲು ಗಂಡಸರು. ಜೈಲಿನ ಕೋಣೆಯೊಳಗೆ ಬೀಗ ಹಾಕಿಸಿಕೊಂಡು ಕಳೆಯುವ ಉದ್ದುದ್ದ ಗಂಟೆಗಳಲ್ಲಿ ಕುಳಿತು ಹೊಲಿಯುವವರು.

ಈ ಸಂಸ್ಥೆಯನ್ನು ಕಟ್ಟಿದವರು ಲೇಡಿ ಆನ್ ಟ್ರೀ. ಡ್ಯೂಕ್ ಮನೆತನದ ಮಗಳು, ಲಂಡನ್ನಿನ ಹಾಲೊವೇ ಮಹಿಳಾ ಜೈಲಿಗೆ ಭೇಟಿ ಕೊಡುತ್ತಿದ್ದವರು. ಕೈದಿಗಳಿಗೆ ಒಳ್ಳೆಯ ಕಸುಬು ಕಲಿಸಬೇಕು, ಮಾಡಿದ ಕೆಲಸಕ್ಕೆ ಕೂಲಿಯೂ ಸಿಗಬೇಕು ಎಂದು ಅವರು ಸರ್ಕಾರದ ಬೆನ್ನು ಹತ್ತಿದ್ದು ದಶಕಗಳ ಕಾಲ. 1997ರಲ್ಲಿ ಕೆಲಸ ಶುರುವಾಯಿತು. ಸ್ವಯಂಸೇವಕರು ಜೈಲಿಗೆ ಹೋಗಿ ಹೊಲಿಗೆ ಕಲಿಸುತ್ತಾರೆ, ಹೊಲಿದವರಿಗೆ ಹಣ ಸಲ್ಲುತ್ತದೆ.

ಬೆಲೆ? ನೂರು ಪೌಂಡಿಗೂ ಮೇಲೆ. ಸೂಪರ್‌ಮಾರ್ಕೆಟ್ಟಿನಲ್ಲಿ ಹನ್ನೆರಡು ಪೌಂಡಿಗೆ ಕುಶನ್ ಸಿಗುತ್ತದೆ ಎಂದು ನನ್ನ ಯಜಮಾನರು ನೆನಪಿಸಿದರು. ನಾನು ಬೇರೊಂದು ಲೆಕ್ಕ ಹೇಳಿದೆ. ಇಂಗ್ಲೆಂಡಿನ ಜೈಲುಗಳಲ್ಲಿ ಮಾಮೂಲಿ ಕೆಲಸಕ್ಕೆ ಸಿಗುವ ಕೂಲಿ ವಾರಕ್ಕೆ ಕೆಲವೇ ಪೌಂಡು. ಬಿಡುಗಡೆಯ ದಿನ ಸರ್ಕಾರ ಕೈಗಿಡುತ್ತಿದ್ದ ಹಣ ವರ್ಷಾನುಗಟ್ಟಲೆ 46 ಪೌಂಡಿನಲ್ಲೇ ನಿಂತಿತ್ತು; 2021ರಲ್ಲಿ ಅದು 76 ಆಯಿತು. ಅಷ್ಟು ಹಣದಲ್ಲಿ ಲಂಡನ್ನಿನಲ್ಲಿ ಒಂದು ರಾತ್ರಿ ತಂಗಲು ಕೋಣೆ ಹುಡುಕಿ ನೋಡಿ. ಕುಶನ್ನಿನ ಬೆಲೆಯಲ್ಲಿ ಹೊಲಿದವನ ಪಾಲು ಒಂದಿಷ್ಟು ಉಳಿತಾಯವಾದರೆ, ಗೇಟು ದಾಟಿದ ಮೊದಲ ವಾರ ಅವನು ಯಾರ ಮನೆಯ ಬಾಗಿಲು ತಟ್ಟಬೇಕೆನ್ನುವುದು ಬದಲಾಗಬಹುದು. ಹೊರಬಂದವರಿಗಾಗಿ ದಕ್ಷಿಣ ಲಂಡನ್ನಿನ ಬ್ಯಾಟರ್ಸಿಯಲ್ಲಿ ಸಂಸ್ಥೆಯದೇ ಕಾರ್ಯಾಗಾರವಿದೆ. ‘ಓಪನ್ ದ ಗೇಟ್’ ಎಂಬ ಯೋಜನೆಯಲ್ಲಿ ಜವಳಿ ಕೆಲಸದ ತರಬೇತಿ ನಡೆಯುತ್ತದೆ. ಸಮಯಕ್ಕೆ ಸರಿಯಾಗಿ ಬರುವುದು, ಇನ್ನೊಬ್ಬರ ಪಕ್ಕದಲ್ಲಿ ಕುಳಿತು ದುಡಿಯುವುದು, ‘ಹಿಂದೆ ಎಲ್ಲಿ ಕೆಲಸ ಮಾಡಿದ್ದಿರಿ?’ ಎಂಬ ಪ್ರಶ್ನೆಗೆ ಒಂದು ಉತ್ತರ ಇಟ್ಟುಕೊಳ್ಳುವುದು, ಇದೆಲ್ಲ ಹೊಲಿಗೆಯಷ್ಟೇ ಮುಖ್ಯ ಎಂದುಕೊಳ್ಳುತ್ತೇನೆ.

ಇನ್ನು ನನ್ನ ತಕರಾರು. ಕುಶನ್ ಚಂದವಿದೆ, ಆದರೆ ಅದರ ಮೇಲಿನ ಚಿತ್ರ ಹೊಲಿದವನದಲ್ಲ. ನಾನು ನೋಡಿದವುಗಳಲ್ಲಿ ಹೆಚ್ಚಿನವು ವೃತ್ತಿಪರ ವಿನ್ಯಾಸಕಾರರು ಬರೆದುಕೊಟ್ಟವು. ಶ್ರೀಮಂತರ ಹಜಾರಕ್ಕೆ ಒಪ್ಪುವ ಬಣ್ಣಗಳು. ಕಸೂತಿಯ ಗೋಪುರ, ತೇರು, ತುಳಸಿ ವೃಂದಾವನ ಮಾತ್ರ ಯಾರ ಸ್ವಂತದ್ದು ಎಂದು ನೀವು ಕೇಳಬಹುದು. ಸರಿಯೇ. ಆದರೆ ನಮ್ಮಮ್ಮ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸುತ್ತಲೇ ಹೊಲಿಯುತ್ತಿದ್ದಳು. ಆನೆಯ ಪಕ್ಕ ನವಿಲು ಬರಬೇಕೋ ಬೇಡವೋ ಎಂಬ ತೀರ್ಮಾನ ಅವಳದೇ ಆಗಿತ್ತು.

ಈ ಕೈಗಳಿಗೆ ಸ್ವಾತಂತ್ರ್ಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೇ ಊರಿನಲ್ಲಿದೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2010ರ ತನ್ನ ಕೌದಿಗಳ ಪ್ರದರ್ಶನಕ್ಕೆಂದು ಫೈನ್ ಸೆಲ್ ವರ್ಕ್ ಮೂಲಕ ವಾಂಡ್ಸ್‌ವರ್ತ್ ಜೈಲಿನ ಗಂಡಸರಿಂದ ಒಂದು ಕೌದಿ ಹೊಲಿಸಿತು. ಆ ಕೌದಿಯಲ್ಲಿ ಜೈಲಿನ ಬದುಕನ್ನು ಅವರೇ ಚಿತ್ರವಾಗಿಸಿದರು. ಈಗ ಅದು ಮ್ಯೂಸಿಯಂ ಸಂಗ್ರಹದ ಸೊತ್ತು. ಮುನ್ನೂರು ವರ್ಷಗಳ ಕೌದಿಗಳ ಸಾಲಿನಲ್ಲಿ ಅದಕ್ಕೂ ಜಾಗ ಸಿಕ್ಕಿತು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವ ಉತ್ತರ ಕರ್ನಾಟಕದ ಯಾವ ಅಜ್ಜಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ರಂಗ ನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ಜೈಲಿನೊಳಗೆ ನಾಟಕ ಕಟ್ಟಿ ಕೈದಿಗಳನ್ನು ರಂಗಕ್ಕೆ ತಂದರು. ಅಲ್ಲಿ ಪಾತ್ರ ನಾಟಕಕಾರನದಾದರೂ ದನಿ ನಟನದೇ ಆಗಿರುತ್ತದೆ, ಹೆಸರು ಹಿಡಿದು ಚಪ್ಪಾಳೆಯೂ ಬೀಳುತ್ತದೆ. ಕುಶನ್ ಹೊಲಿದವನಿಗೆ ಆ ಭಾಗ್ಯವಿಲ್ಲ. ಕೊಂಡವರು ಸಂಸ್ಥೆಯ ಮೂಲಕ ಅವನಿಗೆ ಪತ್ರ ಬರೆಯಬಹುದು, ಅಷ್ಟೇ. ನಾನು ಬರೆದೆ: ಹೊಗಳಿಕೆ ಒಂದು ಸಾಲು, ಹೊಲಿಗೆಯ ಬಗ್ಗೆ ಪ್ರಶ್ನೆಗಳು ಒಂದು ಪುಟ.

ಕೊಳ್ಳಬಹುದೇ ಎಂದರೆ, ಧಾರಾಳವಾಗಿ. ಪಾಪ ಎನ್ನುತ್ತ ಕೊಳ್ಳಬೇಡಿ, ಅಂಥ ರಿಯಾಯಿತಿ ಈ ಕೆಲಸಕ್ಕೆ ಬೇಕಾಗಿಲ್ಲ. ಉಣ್ಣೆಯಾದ್ದರಿಂದ ವಾಷಿಂಗ್ ಮಷೀನಿಗೆ ಹಾಕುವಂತಿಲ್ಲ. ಸಾರು ಚೆಲ್ಲುವ ಮಕ್ಕಳಿರುವ ಮನೆಯಾದರೆ ಎತ್ತರದ ಕುರ್ಚಿಯ ಮೇಲಿಡಿ. ಸಂಸ್ಥೆಯವರಿಗೆ ಒಂದೇ ಬೇಡಿಕೆ: ಕೈದಿಗಳೇ ಬರೆದ ಚಿತ್ರಗಳ ಕುಶನ್‌ಗಳನ್ನು ಹೆಚ್ಚು ಮಾರಿ. ನಮ್ಮ ಸೋಫಾದ ಬಣ್ಣಕ್ಕೆ ಹೊಂದದಿದ್ದರೂ ಇದಕ್ಕಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತೇನೆ. ಯಜಮಾನರನ್ನು ಒಪ್ಪಿಸುವ ಹೊಣೆ ನನ್ನದು.