ಕೊರಿಯಾದಲ್ಲಿ ಇಂಗ್ಲಿಷ್ ಪಾಠ: ಸರ್ಕಾರಿ ಶಾಲೆಯೋ, ಹಾಗ್ವಾನೋ?

ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಹೊರಟವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ: ವಿದೇಶಿ ಇಂಗ್ಲಿಷ್ ಶಿಕ್ಷಕರನ್ನು ನೇಮಿಸಿಕೊಳ್ಳಲು ಅಲ್ಲಿನ ಸರ್ಕಾರ 1995ರಲ್ಲಿ ಆರಂಭಿಸಿದ ‘ಎಪಿಕ್’ ಯೋಜನೆಯ ಮೂಲಕ ಸರ್ಕಾರಿ ಶಾಲೆ, ಇಲ್ಲವೇ ‘ಹಾಗ್ವಾನ್’ ಎಂಬ ಖಾಸಗಿ ಟ್ಯೂಷನ್ ಸಂಸ್ಥೆ. ಶಾಲೆಯಲ್ಲಿ ಹಗಲಿನ ಕೆಲಸ, ವಾರಕ್ಕೆ ಸುಮಾರು 22 ತರಗತಿ, ಜೊತೆಗೆ ಕೊರಿಯನ್ ಸಹಶಿಕ್ಷಕರ ಆಸರೆ ಇರುತ್ತದೆ. ಆದರೆ ಯಾವ ಊರಿಗೆ ಹಾಕುತ್ತಾರೆಂಬುದು ನಮ್ಮ ಕೈಯಲ್ಲಿರುವುದಿಲ್ಲ, ಹಳ್ಳಿಯಾದರೆ ಬಸ್ಸಿನ ವೇಳೆಗೇ ದಿನಚರಿಯನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಹಾಗ್ವಾನ್ ಆದರೆ ಸಿಯೋಲ್, ಬೂಸಾನ್‌ನಂಥ ನಗರವನ್ನು ನಾವೇ ಆರಿಸಿಕೊಳ್ಳಬಹುದು. ಆದರೆ ಮಕ್ಕಳು ಶಾಲೆ ಮುಗಿಸಿ ಬರುವುದರಿಂದ ಪಾಠ ಸಂಜೆಗೆ ಜಾರುತ್ತದೆ, ರಜೆಯೂ ಕಡಿಮೆ. ಊರೂರು ಸುತ್ತುವ ಆಸೆಯುಳ್ಳವರಿಗೆ, ನನ್ನ ಮಟ್ಟಿಗೆ, ಶಾಲೆಯೇ ಮೇಲು. ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಸಾಮಾನ್ಯವಾಗಿ ಏಳು ಇಂಗ್ಲಿಷ್ ಭಾಷಿಕ ದೇಶಗಳವರಿಗೆ ದೊರೆಯುವಂಥದ್ದು; ಆದರೆ ಭಾರತೀಯರೂ, ಶಿಕ್ಷಕರ ಅರ್ಹತಾಪತ್ರವಿದ್ದರೆ, 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಸಹಭಾಗಿತ್ವದ ‘ಸೆಪಾ’ ಒಪ್ಪಂದದಡಿ ಸಹಾಯಕ ಶಿಕ್ಷಕರಾಗಲು ಪ್ರಯತ್ನಿಸಬಹುದು.